ಹಲ್ಲಿಯ ಪಾದ, ಜೇಡನ ಬಲೆ, ಹಾರುವ ಓತಿಯ ರೆಕ್ಕೆ: ಅಂತರಿಕ್ಷದ ಕಸಕ್ಕೆ ಯಾವುದು ಸರಿ?

ಶಿವಮೊಗ್ಗದ ಕಡೆ ಎಂಜಿನಿಯರಿಂಗ್ ಓದುವ ಮಕ್ಕಳಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಅಂತರಿಕ್ಷದ ಕಸವನ್ನು, ಅಂದರೆ ಭೂಮಿಯ ಸುತ್ತ ಸುತ್ತುತ್ತಿರುವ ಸತ್ತ ಉಪಗ್ರಹ, ರಾಕೆಟ್ ಚೂರುಗಳನ್ನು, ವಿಷಯವಾಗಿ ಹಿಡಿಯುವವರು ಈಗ ಸಿಗುತ್ತಾರೆ. ಅದರಲ್ಲೂ ಪ್ರಕೃತಿಯಿಂದ ಕಲಿತು ಮಾಡುವ ಉಪಕರಣಗಳ ಮೇಲೆ ಅವರಿಗೆ ಒಲವು ಜಾಸ್ತಿ. ಕಾಡಿನ ಅಂಚಿನಲ್ಲಿ ಬೆಳೆದವರಿಗೆ ಅದು ಸಹಜವೇ. ಪಾಠ ಹೇಳುವವನಿಗೆ ಇದಕ್ಕಿಂತ ಖುಷಿಯ ಸಂಗತಿ ಇನ್ನೊಂದಿಲ್ಲ. ಆದರೆ ಬರುವವರೆಲ್ಲ ಮೊದಲೇ ಒಂದು ಉಪಕರಣ ಮನಸ್ಸಲ್ಲಿ ಗಟ್ಟಿ ಮಾಡಿಕೊಂಡಿರುತ್ತಾರೆ. ಒಬ್ಬರಿಗೆ ಬಲೆಯೇ ಬೇಕು, ಇನ್ನೊಬ್ಬರಿಗೆ ಹಲ್ಲಿಯ ಪಾದವೇ ಆಗಬೇಕು. 'ಯಾವ ಕಸ ಹಿಡಿಯೋದಕ್ಕೆ?' ಅಂತ ಕೇಳಿದರೆ ಮಾತು ಅಲ್ಲಿಗೇ ನಿಲ್ಲುತ್ತದೆ.

ಈ ಬರಹ ಅವರಿಗಾಗಿ, ಅವರ ಹಾಗೇ ಕುತೂಹಲ ಇರುವ ಯಾರಿಗಾದರೂ. ಪ್ರಕೃತಿಯಿಂದ ಎರವಲು ಪಡೆದ ಮುಖ್ಯ ಉಪಾಯಗಳನ್ನು ಪಕ್ಕಪಕ್ಕದಲ್ಲಿಟ್ಟು, ಯಾವುದು ಎಲ್ಲಿ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ, ನಮ್ಮಲ್ಲಿರುವ ಅನುಕೂಲಕ್ಕೆ ಯಾವುದನ್ನು ಆರಿಸಬಹುದು ಅಂತ ನನಗೆ ತಿಳಿದ ಮಟ್ಟಿಗೆ ಹೇಳುತ್ತೇನೆ.

ಮೊದಲು ಕಸ, ಆಮೇಲೆ ಉಪಕರಣ

ಯುರೋಪಿನ ಅಂತರಿಕ್ಷ ಸಂಸ್ಥೆ ಇಸಾದ 2025ರ ಅಂದಾಜಿನಂತೆ ಭೂಮಿಯ ಸುತ್ತ 10 ಸೆಂಟಿಮೀಟರಿಗಿಂತ ದೊಡ್ಡ ವಸ್ತುಗಳು ಸುಮಾರು 54,000 ಇವೆ. ಕೆಲಸ ಮಾಡುತ್ತಿರುವ ಉಪಗ್ರಹಗಳೂ ಇದರಲ್ಲಿ ಸೇರಿವೆ. 1ರಿಂದ 10 ಸೆಂಟಿಮೀಟರ್ ಅಳತೆಯ ಚೂರುಗಳು 12 ಲಕ್ಷದಷ್ಟು. ಕೆಳ ಕಕ್ಷೆಯಲ್ಲಿ ಇವು ಸೆಕೆಂಡಿಗೆ ಏಳೆಂಟು ಕಿಲೋಮೀಟರ್ ವೇಗದಲ್ಲಿ ಓಡುತ್ತವೆ.

ಇಲ್ಲಿ ಎರಡು ಮಾತು ಸ್ಪಷ್ಟವಾಗಬೇಕು. ಒಂದು, ಈ ಬರಹದಲ್ಲಿ ಬರುವ ಯಾವ ಉಪಾಯವೂ ಸಣ್ಣ ಚೂರುಗಳಿಗೆ ಆಗುವುದಿಲ್ಲ. ಲಕ್ಷಗಟ್ಟಲೆ ಚೂರುಗಳನ್ನು ಒಂದೊಂದಾಗಿ ಬೆನ್ನಟ್ಟಿ ಹಿಡಿಯುವಷ್ಟು ಇಂಧನ ಯಾರ ಬಳಿಯೂ ಇಲ್ಲ. ಇವೆಲ್ಲ ಇರುವುದು ದೊಡ್ಡ ಕಸಕ್ಕೆ, ಅಂದರೆ ಸತ್ತ ಉಪಗ್ರಹಗಳಿಗೆ ಮತ್ತು ರಾಕೆಟ್‌ನ ಮೇಲಿನ ಹಂತಗಳಿಗೆ. ದೊಡ್ಡದನ್ನು ತೆಗೆದರೆ ಮುಂದೆ ಅದು ಸಾವಿರ ಚೂರಾಗುವುದು ತಪ್ಪುತ್ತದೆ. 2009ರ ಫೆಬ್ರವರಿ 10ರಂದು ಸತ್ತುಹೋಗಿದ್ದ ರಷ್ಯಾದ ಉಪಗ್ರಹ ಕಾಸ್ಮೋಸ್-2251, ಕೆಲಸದಲ್ಲಿದ್ದ ಇರಿಡಿಯಂ-33 ಉಪಗ್ರಹಕ್ಕೆ ಸುಮಾರು 790 ಕಿಲೋಮೀಟರ್ ಎತ್ತರದಲ್ಲಿ ಡಿಕ್ಕಿ ಹೊಡೆದಾಗ ಎರಡು ವಸ್ತು ಎರಡು ಸಾವಿರಕ್ಕೂ ಹೆಚ್ಚು ಚೂರಾದವು.

ಎರಡನೆಯದು, ಹಿಡಿಯುವ ವಾಹನವೂ ಅದೇ ಕಕ್ಷೆಯಲ್ಲಿ ಅದೇ ವೇಗದಲ್ಲಿ ಓಡುತ್ತಿರುತ್ತದೆ. ಹಾಗಾಗಿ ಹತ್ತಿರ ಬಂದಾಗ ಇಬ್ಬರ ನಡುವಿನ ವೇಗ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಕಷ್ಟ ಇರುವುದು ಮುಟ್ಟಿದ ಕ್ಷಣದಲ್ಲಿ. ಅಲ್ಲಿ ನೆಲವಿಲ್ಲ, ಒರಗಲು ಗೋಡೆಯಿಲ್ಲ. ಮೆಲ್ಲಗೆ ತಾಗಿದರೂ ಸಾಕು, ವಸ್ತು ದೂರ ಸರಿಯುತ್ತದೆ. ಅದು ತಿರುಗುತ್ತಿದ್ದರೆ ನಮ್ಮ ಕೈಯನ್ನೂ ತಿರುಚುತ್ತದೆ.

ಆದ್ದರಿಂದ ಉಪಕರಣಕ್ಕೆ ಮೊದಲು ಕಸದ ಬಗ್ಗೆ ಮೂರು ಪ್ರಶ್ನೆ. ಅದರ ಮೈ ಎಂಥದು: ನುಣುಪಾದ ಗಾಜೋ, ಲೋಹವೋ, ಸುಕ್ಕುಸುಕ್ಕಾದ ಹೊದಿಕೆಯೋ? ಅದು ತಿರುಗುತ್ತಿದೆಯೇ, ಎಷ್ಟು ಜೋರಾಗಿ? ಎಷ್ಟು ಎತ್ತರದಲ್ಲಿದೆ?

ಮೂರನೆಯ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ, ನನ್ನ ಪ್ರಕಾರ ಅದೇ ಮೊದಲಿನದು. 600 ಕಿಲೋಮೀಟರಿಗಿಂತ ಕೆಳಗಿನ ಕಸವನ್ನು ತೆಳು ವಾತಾವರಣವೇ ಕೆಲವು ವರ್ಷಗಳಲ್ಲಿ ಎಳೆದು ಸುಡುತ್ತದೆ. 800 ಕಿಲೋಮೀಟರಿನಲ್ಲಿ ಅದು ಶತಮಾನಗಳ ಲೆಕ್ಕ. 1,000 ದಾಟಿದರೆ ಸಾವಿರ ವರ್ಷವೂ ಸಾಲದು. ತಾನಾಗಿ ಬೀಳುವುದನ್ನು ಹಿಡಿಯಲು ಹೋಗಿ ಕೋಟಿಗಟ್ಟಲೆ ಖರ್ಚು ಮಾಡುವುದರಲ್ಲಿ ಅರ್ಥವಿಲ್ಲ.

ಹಲ್ಲಿಯ ಪಾದ

ಮಳೆಗಾಲದ ರಾತ್ರಿ ದೀಪದ ಹುಳ ಹಿಡಿಯಲು ಕಿಟಕಿಯ ಗಾಜಿನ ಹೊರಗೆ ಕೂತ ಹಲ್ಲಿಯನ್ನು ಒಳಗಿನಿಂದ ನೋಡಿ. ಗಾಜಿಗೆ ಒತ್ತಿದ ಬೆರಳಿನ ಅಡಿಯಲ್ಲಿ ಅಡ್ಡಡ್ಡ ಪಟ್ಟಿಗಳು ಕಾಣುತ್ತವೆ. ಹೆಜ್ಜೆ ಎತ್ತುವಾಗ ಅದು ಪಾದವನ್ನು ಕಿತ್ತು ತೆಗೆಯುವುದಿಲ್ಲ. ಬೆರಳಿನ ತುದಿಯನ್ನು ಮೊದಲು ಮೇಲಕ್ಕೆ ಸುರುಳಿ ಮಾಡಿ, ತುದಿಯಿಂದ ಬುಡಕ್ಕೆ ಬಿಡಿಸಿಕೊಳ್ಳುತ್ತದೆ. ಇಡುವಾಗ ಮೆಲ್ಲಗೆ ಇಟ್ಟು ಸ್ವಲ್ಪ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಇಡೀ ತಂತ್ರಜ್ಞಾನದ ಗುಟ್ಟು ಈ ಎರಡು ಚಲನೆಯಲ್ಲಿದೆ.

ಆ ಪಟ್ಟಿಗಳ ಮೇಲೆ ಕಣ್ಣಿಗೆ ಕಾಣದ ಕೂದಲುಗಳಿವೆ. ಒಂದೊಂದು ಕೂದಲೂ ತುದಿಯಲ್ಲಿ ನೂರಾರು ಕವಲಾಗಿ, ಪ್ರತಿ ಕವಲಿನ ಕೊನೆ ಸುಮಾರು 200 ನ್ಯಾನೋಮೀಟರ್ ಅಗಲದ ಚಪ್ಪಟೆ ತುದಿಯಾಗಿರುತ್ತದೆ. ಇಷ್ಟು ಸಣ್ಣ ತುದಿ ಗೋಡೆಯ ಅಣುಗಳಿಗೆ ಅಷ್ಟು ಹತ್ತಿರ ಹೋದಾಗ ಅಣುಗಳು ಒಂದನ್ನೊಂದು ಸೆಳೆಯುವ ವಾನ್ ಡರ್ ವಾಲ್ಸ್ ಬಲ ಕೆಲಸ ಮಾಡುತ್ತದೆ. ಒಂದೊಂದರದ್ದು ಅತ್ಯಲ್ಪ ಬಲ, ಕೋಟಿಗಟ್ಟಲೆ ಸೇರಿದಾಗ ಹಲ್ಲಿಯ ಭಾರವನ್ನು ಮೀರುವ ಬಲ. ಅಮೆರಿಕದ ಕೆಲರ್ ಆಟಮ್ ಮತ್ತು ಸಂಗಡಿಗರು 2000 ಮತ್ತು 2002ರಲ್ಲಿ ಪ್ರಕಟಿಸಿದ ಅಳತೆಗಳು ಇದನ್ನು ಗಟ್ಟಿ ಮಾಡಿದವು.

ಅಂತರಿಕ್ಷಕ್ಕೆ ಇದು ಯಾಕೆ ಮುಖ್ಯ? ಗಾಳಿಯ ಒತ್ತಡದಿಂದ ಹಿಡಿಯುವ ರಬ್ಬರ್ ಕಪ್ಪು, ಆಕ್ಟೋಪಸ್‌ನ ಹೀರುಬಟ್ಟಲು, ಇವೆಲ್ಲ ನಿರ್ವಾತದಲ್ಲಿ ಸತ್ತಂತೆ, ಹೊರಗೆ ಒತ್ತುವ ಗಾಳಿಯೇ ಇಲ್ಲ. ಹಸಿ ಅಂಟು ಆವಿಯಾಗುತ್ತದೆ, ಒಣಗುತ್ತದೆ, ಒಮ್ಮೆ ಅಂಟಿದರೆ ಬಿಡದು. ಅಯಸ್ಕಾಂತಕ್ಕೆ ಕಬ್ಬಿಣ ಬೇಕು, ಉಪಗ್ರಹಗಳಲ್ಲಿ ಹೆಚ್ಚಿನದು ಅಲ್ಯೂಮಿನಿಯಂ. ಹಲ್ಲಿಯ ಪಾದದ ಒಣ ಅಂಟಿಗೆ ಗಾಳಿಯೂ ಬೇಡ, ನೀರೂ ಬೇಡ. ಒತ್ತುವುದಂತೂ ಬೇಡವೇ ಬೇಡ, ಮುಟ್ಟಿಸಿ ಪಕ್ಕಕ್ಕೆ ಎಳೆದರೆ ಹಿಡಿಯುತ್ತದೆ, ಎಳೆತ ಬಿಟ್ಟರೆ ಬಿಡುತ್ತದೆ. ತಳ್ಳಿದರೆ ದೂರ ಹೋಗುವ ವಸ್ತುವನ್ನು ಹಿಡಿಯಲು ಇದಕ್ಕಿಂತ ಹೊಂದುವ ಗುಣ ನನಗೆ ಬೇರೆ ಕಂಡಿಲ್ಲ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಕಟ್ಕೋಸ್ಕಿ ಅವರ ತಂಡ ಮತ್ತು ನಾಸಾದ ಜೆಟ್ ಪ್ರೊಪಲ್ಷನ್ ಲ್ಯಾಬ್ ಸೇರಿ ಸಿಲಿಕೋನ್ ರಬ್ಬರಿನಲ್ಲಿ ಸೂಕ್ಷ್ಮ ಬೆಣೆಗಳನ್ನು ಅಚ್ಚು ಹೊಯ್ದು ಇಂಥ ಹಿಡಿತ ಮಾಡಿದರು. ತೂಕವಿಲ್ಲದ ಸ್ಥಿತಿ ತರುವ ವಿಮಾನದಲ್ಲಿ ತೇಲುವ ವಸ್ತುಗಳನ್ನು ಹಿಡಿದು ತೋರಿಸಿದರು. ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣದೊಳಗೆ 2016ರಲ್ಲಿ ಗಗನಯಾತ್ರಿ ಜೆಫ್ ವಿಲಿಯಮ್ಸ್ ಇದರ ಸಣ್ಣ ಹಿಡಿತಗಳನ್ನು ಪರೀಕ್ಷಿಸಿದರು. 2021ರಲ್ಲಿ ಅಲ್ಲಿನ ಆಸ್ಟ್ರೋಬೀ ಎಂಬ ತೇಲುವ ರೋಬಾಟ್‌ಗೆ ಈ ಪಾದ ತೊಡಿಸಿ ನೋಡಲಾಯಿತು. ಒಂದು ಪ್ಯಾಡ್ ಒಂದೇ ದಿಕ್ಕಿಗೆ ಹಿಡಿಯುವುದರಿಂದ ಎರಡು ಪ್ಯಾಡ್‌ಗಳನ್ನು ಎದುರುಬದುರಾಗಿ ಇಟ್ಟು ಒಂದನ್ನೊಂದು ಎಳೆಯುವಂತೆ ಜೋಡಿಸುವುದು ಇದರ ರೂಢಿ.

ಇನ್ನು ತೊಡಕುಗಳು. ಇದಕ್ಕೆ ನುಣುಪಾದ ಮೈ ಬೇಕು. ಸೌರಫಲಕದ ಗಾಜು, ಬಣ್ಣ ಬಳಿದ ಲೋಹ ಆದೀತು. ಆದರೆ ಉಪಗ್ರಹಗಳ ಮೈಯ ಬಹುಭಾಗವನ್ನು ಸುತ್ತಿರುವ ಹೊಳೆಯುವ ಪದರ ಹೊದಿಕೆ ಸುಕ್ಕಾಗಿ, ಸಡಿಲವಾಗಿ ಇರುತ್ತದೆ. ಅದು ಪ್ಯಾಡಿಗೆ ಸಿಕ್ಕರೂ ಹೊದಿಕೆಯೇ ಕಿತ್ತು ಬರಬಹುದು. ಬಿಸಿಲಲ್ಲಿ ನೂರು ಡಿಗ್ರಿ ದಾಟಿ ನೆರಳಲ್ಲಿ ಸೊನ್ನೆಗಿಂತ ನೂರು ಡಿಗ್ರಿ ಕೆಳಗಿಳಿಯುವ ಕಡೆ ಸಿಲಿಕೋನ್ ಪೆಡಸಾಗುತ್ತದೆ. ಕೆಳ ಕಕ್ಷೆಯಲ್ಲಿರುವ ಒಂಟಿ ಆಮ್ಲಜನಕ ಪರಮಾಣುಗಳು ಹಳೆಯ ಉಪಗ್ರಹಗಳ ಪ್ಲಾಸ್ಟಿಕ್ ಮೈಯನ್ನು ತಿಂದು ಒರಟು ಮಾಡಿರುತ್ತವೆ. ಜೋರಾಗಿ ತಿರುಗುವ ವಸ್ತುವಿಗೆ ಇದೊಂದೇ ಸಾಲದು.

ಮಲೆನಾಡಿನಲ್ಲಿ ಪ್ರಯೋಗ ಮಾಡುವವರಿಗೆ ಒಂದು ಕಿವಿಮಾತು. ಹಲ್ಲಿಯ ಕೂದಲಿನ ಹಿಡಿತ ಗಾಳಿಯ ತೇವದಿಂದ ಹೆಚ್ಚುತ್ತದೆ ಅಂತ ಹಲವು ಪ್ರಯೋಗಗಳು ತೋರಿಸಿವೆ. ಗಾಜಿನ ಮೇಲೆ ನೀರೇ ನಿಂತರೆ ಮಾತ್ರ ತಿರುಗುಮುರುಗು, ಪಾದ ಜಾರುತ್ತದೆ. ಅಂದರೆ ಆಷಾಢದಲ್ಲಿ ತೀರ್ಥಹಳ್ಳಿಯಲ್ಲೋ ಆಗುಂಬೆಯಲ್ಲೋ ಕೂತು ಅಳೆದ ಅಂಕಿಯನ್ನು ನಿರ್ವಾತಕ್ಕೆ ಹಾಗೇ ಒಯ್ಯಬಾರದು. ಸಿಲಿಕೋನಿನ ನಕಲು ತೇವಕ್ಕೆ ಹೇಗೆ ವರ್ತಿಸುತ್ತದೆ ಅನ್ನುವುದನ್ನು ಬೇರೆಯಾಗಿಯೇ ಪರೀಕ್ಷಿಸಬೇಕು. ಪ್ರತಿ ಅಳತೆಯ ಜೊತೆ ತೇವಾಂಶ ಬರೆದಿಡಿ. ಆಗುವುದಾದರೆ ಗಾಳಿ ಹೊರತೆಗೆದ ಸಣ್ಣ ಗಾಜಿನ ಜಾಡಿಯೊಳಗೆ ಮತ್ತೊಮ್ಮೆ ಅಳೆಯಿರಿ. ಜೂನ್‌ನ ಅಂಕಿಯನ್ನೂ ಫೆಬ್ರವರಿಯ ಅಂಕಿಯನ್ನೂ ಪಕ್ಕದಲ್ಲಿಟ್ಟು ಬರೆದರೆ ಅದೇ ಒಂದು ಒಳ್ಳೆಯ ಪ್ರಬಂಧವಾದೀತು. ಅಷ್ಟು ತೇವದ ಅಂತರ ಮನೆ ಬಾಗಿಲಲ್ಲೇ ಸಿಗುವುದು ನಮ್ಮ ಭಾಗ್ಯ.

ಬಳ್ಳಿಯ ಕುಡಿ, ಆಕ್ಟೋಪಸ್‌ನ ತೋಳು

ಮೈ ಹೇಗಿದ್ದರೂ ಸರಿ, ಸುತ್ತುವರಿದು ಹಿಡಿಯುವ ದಾರಿ ಇದು. ಸ್ವಿಟ್ಜರ್ಲೆಂಡಿನ ಕ್ಲಿಯರ್‌ಸ್ಪೇಸ್ ಕಂಪನಿಯ ಜೊತೆ ಇಸಾ 2020ರಲ್ಲಿ ಒಪ್ಪಂದ ಮಾಡಿಕೊಂಡ ಯೋಜನೆಯಲ್ಲಿ ನಾಲ್ಕು ತೋಳುಗಳು ಗುರಿಯನ್ನು ಮೊದಲು ಮುಟ್ಟದೆಯೇ ಸುತ್ತುವರಿದು, ತಪ್ಪಿಸಿಕೊಳ್ಳಲು ಜಾಗವಿಲ್ಲವಾದ ಮೇಲೆ ಬಿಗಿಯುತ್ತವೆ. ಆ ಕ್ರಮ ತುಂಬಾ ಜಾಣತನದ್ದು: ಮೊದಲು ಪಂಜರ, ಆಮೇಲೆ ಸ್ಪರ್ಶ. ಮೊದಲಿಗೆ ಅವರು ಹಿಡಿಯಬೇಕೆಂದಿದ್ದುದು 2013ರಲ್ಲಿ ಕಕ್ಷೆಯಲ್ಲಿ ಉಳಿದ ವೆಸ್ಪಾ ಎಂಬ ರಾಕೆಟ್ ಭಾಗವನ್ನು. 2023ರಲ್ಲಿ ಆ ಕಸಕ್ಕೇ ಬೇರೆ ಕಸ ಬಡಿದು ಸುತ್ತ ಹೊಸ ಚೂರುಗಳು ಕಾಣಿಸಿಕೊಂಡವು. 2024ರಲ್ಲಿ ಗುರಿ ಬದಲಾಯಿತು. ಹೊಸ ಗುರಿ ಇಸಾದ್ದೇ ಪುಟ್ಟ ಉಪಗ್ರಹ ಪ್ರೋಬಾ-1.

ಈ ಪ್ರೋಬಾ-1 ನಮಗೆ ಪರಕೀಯವಲ್ಲ. 2001ರ ಅಕ್ಟೋಬರ್ 22ರಂದು ಶ್ರೀಹರಿಕೋಟೆಯಿಂದ ನಮ್ಮ ಪಿಎಸ್‌ಎಲ್‌ವಿ-ಸಿ3 ಅದನ್ನು ಹೊತ್ತೊಯ್ದಿತ್ತು. ಅದೇ ರಾಕೆಟ್‌ನ ನಾಲ್ಕನೇ ಹಂತ, ಉಪಗ್ರಹಗಳನ್ನು ಬಿಟ್ಟ ಮೇಲೆ, ಆ ವರ್ಷದ ಡಿಸೆಂಬರ್ 19ರಂದು ಉಳಿದ ಇಂಧನದಿಂದ ಸಿಡಿದು ಮುನ್ನೂರಕ್ಕೂ ಹೆಚ್ಚು ಚೂರಾಯಿತು. ಅದರ ಮುಂದಿನ ಹಾರಾಟದಿಂದಲೇ ಇಸ್ರೋ ಉಳಿದ ಇಂಧನವನ್ನು ಹೊರಬಿಟ್ಟು ಹಂತ ಸಿಡಿಯದಂತೆ ಮಾಡುವ ಕ್ರಮ ತಂದಿತು. ಒಂದೇ ಹಾರಾಟದಿಂದ ಒಂದು ಕಡೆ ಚೂರುಗಳು, ಇನ್ನೊಂದು ಕಡೆ ಇಪ್ಪತ್ತು ವರ್ಷ ದಾಟಿದ ಮೇಲೆ ಹಿಡಿಯಲು ಆರಿಸಿದ ಉಪಗ್ರಹ. ವಿದ್ಯಾರ್ಥಿಗಳಿಗೆ ಗುರಿ ಬೇಕಿದ್ದರೆ ನಾನು ಪ್ರೋಬಾ-1ನ್ನೇ ಸೂಚಿಸುತ್ತೇನೆ: ಸುಮಾರು 60×60×80 ಸೆಂಟಿಮೀಟರ್, ನೂರು ಕಿಲೋಗೆ ಸ್ವಲ್ಪ ಕಮ್ಮಿ. ಕಾಲೇಜಿನ ವರ್ಕ್‌ಶಾಪಿನಲ್ಲಿ ನಿಜ ಅಳತೆಯ ಮಾದರಿ ಮಾಡಿಕೊಳ್ಳಬಹುದು.

ತೋಳುಗಳಿಗೆ ಎಲ್ಲರೂ ಆಕ್ಟೋಪಸ್ ಕಡೆ ನೋಡುತ್ತಾರೆ. ಅಮೆರಿಕದ ಕಾಲ್ ಮಾರಿಸ್ ಕಂಪನಿಯ ವಿನ್ಯಾಸದಲ್ಲಿ ಆಕ್ಟೋಪಸ್‌ನಂಥ ಬಾಹುಗಳಿಗೆ ಹಲ್ಲಿ ಪಾದದಂಥ ಅಂಟನ್ನೂ ಸೇರಿಸಿದ್ದಾರೆ, ಅದು ಒಳ್ಳೆಯ ಜೋಡಿ. ಆದರೆ ನಮ್ಮ ಹಿತ್ತಲ ಹಾಗಲ ಬಳ್ಳಿಯ ಕುಡಿಯಲ್ಲಿ ಇನ್ನೊಂದು ಪಾಠವಿದೆ. ಕುಡಿಯ ತುದಿ ಕಡ್ಡಿಗೆ ಸುತ್ತಿಕೊಂಡ ಮೇಲೆ ನಡುವಿನ ಭಾಗ ಸ್ಪ್ರಿಂಗಿನಂತೆ ಸುರುಳಿಯಾಗುತ್ತದೆ. ಹತ್ತಿರದಿಂದ ನೋಡಿದರೆ ಅರ್ಧ ಸುರುಳಿ ಬಲಕ್ಕೆ, ಇನ್ನರ್ಧ ಎಡಕ್ಕೆ, ನಡುವೆ ಒಂದು ನೇರ ತುಂಡು. ಎರಡು ತುದಿಯೂ ಕಟ್ಟಿಕೊಂಡಿರುವಾಗ ಎಳೆ ತಿರುಚಿಹೋಗದೆ ಸುರುಳಿಯಾಗಲು ಇದೇ ದಾರಿ. ಗಾಳಿಗೆ ಬಳ್ಳಿ ಎಷ್ಟು ತೊಯ್ದಾಡಿದರೂ ಕುಡಿ ಹರಿಯದಿರುವುದು ಇದರಿಂದ. ಹಿಡಿದ ಮೇಲೆ ಹೊಡೆತವನ್ನು ನುಂಗುವ ಈ ಗುಣವೇ ತಿರುಗುವ ಕಸವನ್ನು ಹಿಡಿಯುವ ತೋಳಿಗೆ ಬೇಕಾದದ್ದು. ರೋಬಾಟ್ ತೋಳು ಎಂದರೆ ಮೋಟಾರು, ಗಟ್ಟಿ ಕೀಲು ಅಂತಲೇ ಯೋಚಿಸುವವರು ಒಂದು ಸಂಜೆ ಹಾಗಲ ಚಪ್ಪರದ ಕೆಳಗೆ ನಿಂತು ಬರಬೇಕು.

ಇದರ ತೊಂದರೆ ತೂಕ, ಮೋಟಾರುಗಳ ಸಂಖ್ಯೆ, ನಿಯಂತ್ರಣದ ಲೆಕ್ಕ. ಗುರಿಯ ತಿರುಗುವಿಕೆಯನ್ನು ಕ್ಯಾಮೆರಾದಿಂದ ಅಳೆದು ಅದಕ್ಕೆ ಹೊಂದುವಂತೆ ತಾನೂ ತಿರುಗಬೇಕು. ಹತ್ತಿರ ಹೋಗುವುದೇ ಎಷ್ಟು ದೊಡ್ಡ ಕೆಲಸ ಎನ್ನಲು ಜಪಾನಿನ ಆಸ್ಟ್ರೋಸ್ಕೇಲ್ ಕಂಪನಿಯ ಅಡ್ರಾಸ್-ಜೆ ಸಾಕ್ಷಿ. 2024ರ ಫೆಬ್ರವರಿಯಲ್ಲಿ ಹೊರಟ ಅದು, 2009ರಿಂದ ಕಕ್ಷೆಯಲ್ಲಿರುವ ಮೂರು ಟನ್ ತೂಕದ ರಾಕೆಟ್ ಹಂತದ ಸುತ್ತ ತಿಂಗಳುಗಟ್ಟಲೆ ಎಚ್ಚರದಿಂದ ಸುಳಿದು ಕೊನೆಗೆ 15 ಮೀಟರ್ ಹತ್ತಿರ ತಲುಪಿತು. ಹಿಡಿಯುವ ಕೆಲಸವನ್ನು ಮುಂದಿನ ಯೋಜನೆಗೆ ಬಿಟ್ಟಿದ್ದಾರೆ. ನಮ್ಮಲ್ಲಿ 2024ರ ಡಿಸೆಂಬರ್ 30ರಂದು ಹೋದ ಪಿಎಸ್‌ಎಲ್‌ವಿ-ಸಿ60ರ ಪೋಯಮ್-4 ವೇದಿಕೆಯ ಮೇಲೆ, ಅಂದರೆ ಪ್ರಯೋಗಗಳಿಗೆಂದು ಕಕ್ಷೆಯಲ್ಲಿ ಬಳಸಿಕೊಂಡ ರಾಕೆಟ್‌ನ ಕೊನೆಯ ಹಂತದ ಮೇಲೆ, ಕಸ ಹಿಡಿಯುವ ರೋಬಾಟ್ ತೋಳಿನ ಪ್ರಯೋಗವೂ ಇತ್ತು. ಅದೇ ರಾಕೆಟ್‌ನ ಸ್ಪೇಡೆಕ್ಸ್ ಜೋಡಿ ಉಪಗ್ರಹಗಳು 2025ರ ಜನವರಿ 16ರಂದು ಒಂದಕ್ಕೊಂದು ಕೂಡಿಕೊಂಡವು. ಸಮೀಪಿಸುವ ವಿದ್ಯೆ ನಮ್ಮ ದೇಶಕ್ಕೆ ಬಂದಿದೆ ಅಂತ ಧೈರ್ಯವಾಗಿ ಹೇಳಬಹುದು.

ಜೇಡನ ಬಲೆ

ಮಳೆ ಹಿಂದೆ ಸರಿದ ಮೇಲೆ ಮಲೆನಾಡಿನ ಕಾಡಂಚಿನ ಮರಗಳ ನಡುವೆ ದೊಡ್ಡ ಕಾಡುಜೇಡ, ನೆಫಿಲಾ, ಮೀಟರಿಗೂ ಅಗಲದ ಬಲೆ ಕಟ್ಟುತ್ತದೆ. ಬೆಳಗಿನ ಬಿಸಿಲಿಗೆ ಎಳೆ ಹೊಂಬಣ್ಣ. ಬಲೆಯಲ್ಲಿ ಎರಡು ಬಗೆಯ ದಾರ: ನಡುವಿನಿಂದ ಹೊರಕ್ಕೆ ಹೋಗುವ ಬಿಗಿಯಾದ ಕಡ್ಡಿ ಎಳೆಗಳು, ಅವುಗಳ ಮೇಲೆ ಸುತ್ತುವ ಹಿಗ್ಗುವ ಅಂಟು ಎಳೆಗಳು. ಹಾರಿಬಂದ ಹುಳದ ವೇಗವನ್ನು ನುಂಗುವುದರಲ್ಲಿ ದೊಡ್ಡ ಪಾಲು ಕಡ್ಡಿ ಎಳೆಗಳದ್ದು. ಅಂಟು ಎಳೆ ಹುಳ ಹಿಂದಕ್ಕೆ ಪುಟಿಯದಂತೆ ಹಿಡಿದಿಡುತ್ತದೆ.

ಅಂತರಿಕ್ಷದಲ್ಲಿ ಜೇಡನ ಹಸಿ ಅಂಟು ಆಗದು, ಆದರೆ ಬಲೆ ಆಗುತ್ತದೆ. ಬ್ರಿಟನ್ನಿನ ಸರ್ರೆ ವಿಶ್ವವಿದ್ಯಾಲಯದ ನೇತೃತ್ವದ ರಿಮೂವ್‌ಡೆಬ್ರಿ ಉಪಗ್ರಹ 2018ರ ಸೆಪ್ಟೆಂಬರ್ 16ರಂದು ಆರೇಳು ಮೀಟರ್ ದೂರದಲ್ಲಿ ತೇಲುತ್ತಿದ್ದ ಗುರಿಯ ಮೇಲೆ ಐದು ಮೀಟರ್ ಅಗಲದ ಬಲೆ ಎಸೆದು ಸುತ್ತಿ ಹಿಡಿಯಿತು. ಬಲೆಯ ಅಂಚಿನಲ್ಲಿದ್ದ ತೂಕಗಳು ಬಲೆಯನ್ನು ಹರಡಿ, ಆಮೇಲೆ ಬಾಯಿ ಮುಚ್ಚಿದವು. ಬಲೆಯ ದೊಡ್ಡ ಗುಣ ಅಂದರೆ ಗುರಿಯ ಆಕಾರ, ಮೈ, ತಿರುಗುವ ರೀತಿ ಯಾವುದೂ ನಿಖರವಾಗಿ ಗೊತ್ತಿರಬೇಕಿಲ್ಲ. ದೂರದಿಂದಲೇ ಎಸೆಯಬಹುದು.

ಆ ಪ್ರಯೋಗದಲ್ಲಿ ಬಲೆಗೆ ಎಳೆಯುವ ಹಗ್ಗ ಕಟ್ಟಿರಲಿಲ್ಲ, ಅದನ್ನು ಮರೆಯಬಾರದು. ನಿಜವಾದ ಕಷ್ಟ ಹಗ್ಗದಲ್ಲಿದೆ. ಅಡಕೆ ಕೊಯ್ಲಿನಲ್ಲಿ ಮರ ಹತ್ತಿ ಗೊನೆ ಕೊಯ್ಯುವ ಕೊನೆಗಾರ ಮೇಲಿಂದ ಹಗ್ಗಕ್ಕೆ ಹಾಕಿದ ಗೊನೆ ಸರಾಗವಾಗಿ ಇಳಿಯಬೇಕಾದರೆ ಕೆಳಗಿನವನು ಹಗ್ಗವನ್ನು ಬಿಗಿಯಾಗಿ ಹಿಡಿದಿರಬೇಕು, ಸಡಿಲ ಬಿಟ್ಟರೆ ಗೊನೆ ಮರಕ್ಕೆ ಬಡಿಯುತ್ತದೆ. ಕಕ್ಷೆಯಲ್ಲೂ ಹಾಗೇ. ಎಂಜಿನ್ ಉರಿಯುವಾಗ ಹಗ್ಗ ಬಿಗಿ, ಉರಿ ನಿಂತ ಕೂಡಲೇ ಸಡಿಲ. ಆಗ ಹಿಂದಿನ ಕಸ ಮುಂದಿನ ವಾಹನದ ಮೇಲೆಯೇ ಬರುತ್ತದೆ. ತಿರುಗುವ ಕಸವಾದರೆ ಹಗ್ಗವನ್ನೇ ಸುತ್ತಿಕೊಳ್ಳುತ್ತದೆ. ಮೇಲಾಗಿ ಬಲೆ ಒಂದೇ ಏಟಿನ ಉಪಾಯ, ತಪ್ಪಿದರೆ ಬಲೆಯೂ ಇನ್ನೊಂದು ಕಸ.

ಗೋಸುಂಬೆಯ ನಾಲಿಗೆಯಂತೆ ಚಿಮ್ಮುವ ಈಟಿಯನ್ನೂ ಕೆಲವರು ಕೇಳುತ್ತಾರೆ. ರಿಮೂವ್‌ಡೆಬ್ರಿಯೇ 2019ರ ಫೆಬ್ರವರಿ 8ರಂದು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಈಟಿ ಎಸೆದು ಒಂದೂವರೆ ಮೀಟರ್ ದೂರದ ಹಲಗೆಗೆ ನೆಟ್ಟು ತೋರಿಸಿದೆ. ನಾನಿದನ್ನು ವಿದ್ಯಾರ್ಥಿಗಳಿಗೆ ಸೂಚಿಸುವುದಿಲ್ಲ. ಒಳಗೆ ಇಂಧನ ಉಳಿದ ಟ್ಯಾಂಕಿಗೋ ಬ್ಯಾಟರಿಗೋ ನೆಟ್ಟರೆ 2001ರ ಕಥೆ ಮರುಕಳಿಸುತ್ತದೆ, ವರ್ಕ್‌ಶಾಪಿನಲ್ಲಿ ಯಾರಿಗಾದರೂ ತಾಗುವ ಭಯವೂ ಇದೆ.

ಹಾರುವ ಓತಿಯ ರೆಕ್ಕೆ

ಇದು ಹಿಡಿಯುವ ಉಪಾಯವಲ್ಲದಿದ್ದರೂ ಈ ಹೋಲಿಕೆಯಲ್ಲಿ ಸೇರಲೇಬೇಕು. ಅಡಕೆ ತೋಟದಲ್ಲಿ ಮರದ ತೊಗಟೆಗೆ ಅಂಟಿಕೊಂಡ ಹಾರುವ ಓತಿ ಕೂತಿರುವಾಗ ಬರೀ ಒಂದು ಕಡ್ಡಿ. ಜಿಗಿದ ಕೂಡಲೇ ಪಕ್ಕೆಲುಬುಗಳು ಹೊರಕ್ಕೆ ಚಾಚಿ ಚರ್ಮದ ಹಾಳೆ ಬಿಚ್ಚಿಕೊಳ್ಳುತ್ತದೆ. ಇಳಿದ ಮೇಲೆ ಮತ್ತೆ ಮಡಿಕೆ. ಕೆಲವೇ ಮೂಳೆ, ತೆಳು ಪೊರೆ, ಕ್ಷಣಾರ್ಧದಲ್ಲಿ ದೊಡ್ಡ ಹರವು. ಅಡಕೆ ಮರದ ಸುಳಿ ನೆರಿಗೆ ನೆರಿಗೆಯಾಗಿ ಬಿಚ್ಚಿಕೊಳ್ಳುವುದರಲ್ಲೂ ಇದೇ ಜಾಣ್ಮೆ. ಹಾರ್ನ್‌ಬೀಮ್ ಎಂಬ ಮರದ ಎಲೆ ಬಿಚ್ಚಿಕೊಳ್ಳುವ ರೇಖಾಗಣಿತವನ್ನು 1998ರಲ್ಲೇ ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ, ಆ ಮಡಿಕೆಗೂ ಸೌರಫಲಕ ಮಡಚುವ ಜಪಾನಿನ ಮಿಯುರಾ ಮಡಿಕೆಗೂ ಹತ್ತಿರದ ನಂಟು.

ಉಪಗ್ರಹ ತನ್ನ ಕೆಲಸ ಮುಗಿದ ಮೇಲೆ ಇಂಥ ತೆಳು ಹಾಳೆಯ ಪಟ ಬಿಚ್ಚಿದರೆ ತೆಳು ವಾತಾವರಣದ ಎಳೆತ ಹೆಚ್ಚಿ ಬೇಗ ಕೆಳಗಿಳಿದು ಸುಟ್ಟುಹೋಗುತ್ತದೆ. ಸರ್ರೆಯವರದ್ದೇ ಇನ್‌ಫ್ಲೇಟ್‌ಸೇಲ್ ಎಂಬ ಪುಟ್ಟ ಉಪಗ್ರಹ 2017ರ ಜೂನ್ 23ರಂದು ನಮ್ಮ ಪಿಎಸ್‌ಎಲ್‌ವಿ-ಸಿ38ರಲ್ಲಿ ಹೋಗಿ, ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ 10 ಚದರ ಮೀಟರಿನ ಪಟ ಬಿಚ್ಚಿ, 72 ದಿನದಲ್ಲಿ ಇಳಿದು ಮುಗಿಯಿತು. ಪಟವಿಲ್ಲದಿದ್ದರೆ ವರ್ಷಗಟ್ಟಲೆ ಅಲ್ಲೇ ಇರುತ್ತಿತ್ತು. ಆದರೆ ರಿಮೂವ್‌ಡೆಬ್ರಿಯ ಪಟ 2019ರ ಮಾರ್ಚ್‌ನಲ್ಲಿ ಸರಿಯಾಗಿ ಬಿಚ್ಚಿಕೊಳ್ಳಲಿಲ್ಲ. ಬಲೆಯೂ ಈಟಿಯೂ ಗೆದ್ದ ಯೋಜನೆಯಲ್ಲಿ ಸುಲಭವೆಂದು ಕಾಣುವ ಪಟವೇ ಸಿಕ್ಕಿಕೊಂಡಿತು. ಬಿಚ್ಚುವುದು ಅಷ್ಟು ಸುಲಭವಲ್ಲ ಅನ್ನುವುದಕ್ಕೆ ಬೇರೆ ಪುರಾವೆ ಬೇಡ.

ಮಿತಿಗಳು ನೇರ. 800 ಕಿಲೋಮೀಟರ್ ಮೇಲೆ ಎಳೆಯಲು ಗಾಳಿಯೇ ಇಲ್ಲದಷ್ಟು ತೆಳುವು. ಹಾರುವ ಮೊದಲೇ ಪಟ ಕಟ್ಟಿಕೊಂಡು ಹೋಗಿರಬೇಕು, ಹಾಗಾಗಿ ಹಳೆಯ ಕಸಕ್ಕೆ ಪ್ರಯೋಜನವಿಲ್ಲ. ಹಲ್ಲಿ ಪಾದದ ಪ್ಯಾಡಿನಿಂದ ಹಳೆಯ ಕಸಕ್ಕೆ ಪಟ ಅಂಟಿಸಿ ಬಿಡುವ ಜೋಡಿ ಉಪಾಯವನ್ನು ನಾನು ಬಹಳ ಇಷ್ಟಪಡುತ್ತೇನೆ, ಅದರ ಮೇಲೆ ಕೆಲಸ ಮಾಡುವವರು ಬಂದರೆ ಕೂತು ಮಾತಾಡಲು ಎಷ್ಟು ಹೊತ್ತಾದರೂ ಸಿದ್ಧ.

ಹಾಗಾದರೆ ಯಾವುದನ್ನು ಆರಿಸಬೇಕು?

ಗುರಿಗೆ ಹೊಂದಿಸಿ ಹೇಳುವುದಾದರೆ: ನುಣುಪು ಮೈ, ನಿಧಾನ ತಿರುಗುವಿಕೆ, ಸಣ್ಣದರಿಂದ ಮಧ್ಯಮ ಗಾತ್ರ ಇದ್ದರೆ ಹಲ್ಲಿ ಪಾದ. ಆಕಾರ ಗೊತ್ತಿದ್ದು, ಮೈ ಹೊದಿಕೆಯದ್ದಾಗಿದ್ದರೆ ತೋಳುಗಳು. ಜೋರಾಗಿ ಉರುಳುವ, ಆಕಾರ ಕೆಟ್ಟ ದೊಡ್ಡ ಕಸಕ್ಕೆ ಬಲೆ, ಆದರೆ ಹಗ್ಗದ ಲೆಕ್ಕ ಮೊದಲು ಮುಗಿದಿರಬೇಕು. 600 ಕಿಲೋಮೀಟರ್ ಆಸುಪಾಸಿನಲ್ಲಿ ಇನ್ನು ಮುಂದೆ ಹಾರಲಿರುವುದಕ್ಕೆಲ್ಲ ಪಟ.

ನಮ್ಮ ಜಿಲ್ಲೆಯ ಕಾಲೇಜಿನ ಅನುಕೂಲಕ್ಕೆ ಹೇಳುವುದಾದರೆ ಪಟವೇ ಮೊದಲ ಆಯ್ಕೆ. ತೆಳು ಪಾಲಿಯೆಸ್ಟರ್ ಹಾಳೆ, ಉಕ್ಕಿನ ಅಳತೆ ಟೇಪು, ಮಡಿಕೆಯ ಲೆಕ್ಕ, ಇಷ್ಟಿದ್ದರೆ ಕೆಲಸ ಶುರು. ಟೇಪಿನ ಬಾಗಿದ ಪಟ್ಟಿಯನ್ನು ಸುತ್ತಿ ಬಿಟ್ಟರೆ ತಾನಾಗಿ ನೆಟ್ಟಗಾಗುವುದನ್ನು ನಿಜವಾದ ಪುಟ್ಟ ಉಪಗ್ರಹಗಳಲ್ಲೂ ಬಳಸುತ್ತಾರೆ. 2030ರ ಹೊತ್ತಿಗೆ ಭಾರತದ ಎಲ್ಲ ಹಾರಾಟಗಳೂ ಕಸ ಉಳಿಸದಂತೆ ಆಗಬೇಕು ಅಂತ ಇಸ್ರೋ 2024ರಲ್ಲಿ ಘೋಷಿಸಿದೆ. ಅದೇ ವರ್ಷದ ಮಾರ್ಚ್ 21ರಂದು ಪಿಎಸ್‌ಎಲ್‌ವಿ-ಸಿ58ರ ಪೋಯಮ್-3 ಹಂತವನ್ನು 350 ಕಿಲೋಮೀಟರಿಗೆ ಇಳಿಸಿ ವಾತಾವರಣಕ್ಕೆ ಮರಳಿಸಿ ತೋರಿಸಿಯೂ ಆಗಿದೆ. ಕಾಲೇಜುಗಳು ಮಾಡುವ ಪುಟ್ಟ ಉಪಗ್ರಹಗಳಿಗೆ ಎಂಜಿನ್ ಇರುವುದಿಲ್ಲ, ಅವಕ್ಕೆ ಪಟ ಬೇಕೇ ಬೇಕು. ಹಾಗಾಗಿ ಈ ಕೆಲಸ ವರದಿಯಾಗಿ ಕಪಾಟಿಗೆ ಸೇರದೆ ನಿಜವಾಗಿಯೂ ಮೇಲಕ್ಕೆ ಹೋಗುವ ಸಾಧ್ಯತೆ ಇದೆ.

ಎರಡನೆಯದು ಹಲ್ಲಿ ಪಾದ, ಅಚ್ಚು ಮಾಡಲು ಬೆಂಗಳೂರಿನ ಪ್ರಯೋಗಾಲಯದ ನೆರವು ಸಿಗುವುದಾದರೆ. ತೋಳುಗಳು ರೋಬಾಟಿಕ್ಸ್ ಚೆನ್ನಾಗಿ ಬರುವ ತಂಡಕ್ಕೆ. ಬಲೆಯನ್ನು ಕಂಪ್ಯೂಟರ್ ವಿಭಾಗದವರು ಸಿಮ್ಯುಲೇಷನ್ ಆಗಿ ಮಾಡಿದರೆ ಹೆಚ್ಚು ಫಲ. ಭೂಮಿಯ ಮೇಲೆ ಎಸೆದ ಬಲೆ ಗುರುತ್ವಕ್ಕೆ ಜೋತುಬೀಳುವುದರಿಂದ ಕಣ್ಣಿಗೆ ಕಂಡದ್ದನ್ನು ನಂಬುವಂತಿಲ್ಲ.

ಗುರಿ ಆರಿಸುವಾಗ ಒಂದು ಕಾನೂನಿನ ಮಾತೂ ನೆನಪಿರಲಿ. 1967ರ ಬಾಹ್ಯಾಕಾಶ ಒಪ್ಪಂದದ ಪ್ರಕಾರ ಸತ್ತ ಉಪಗ್ರಹದ ಮೇಲೂ ಅದನ್ನು ನೋಂದಾಯಿಸಿದ ದೇಶದ ಹಕ್ಕು ಮುಂದುವರಿಯುತ್ತದೆ. ಬೇರೆಯವರ ಕಸವನ್ನು ಅನುಮತಿ ಇಲ್ಲದೆ ಮುಟ್ಟುವಂತಿಲ್ಲ. ಯೋಜನೆಯಲ್ಲಿ ಪ್ರೋಬಾ-1 ಎಂದು ಬರೆದರೆ ಅದು ಅಭ್ಯಾಸದ ಗುರಿ ಅಂತ ಸ್ಪಷ್ಟಪಡಿಸಿ. ನಿಜವಾದ ಪ್ರಸ್ತಾಪಕ್ಕೆ ನಮ್ಮದೇ ಪಿಎಸ್‌ಎಲ್‌ವಿಯ ಹಳೆಯ ಹಂತಗಳಿವೆ.

ಹಿಡಿತದ ಯಾವ ಮಾದರಿ ಮಾಡಿದರೂ ಈ ಒಂದು ಪರೀಕ್ಷೆಯನ್ನು ತಪ್ಪಿಸಬೇಡಿ. ಗುರಿಯ ಮಾದರಿಯನ್ನು ಎತ್ತರದ ಛಾವಣಿಯಿಂದ ತೆಳು ದಾರದಲ್ಲಿ ತೂಗುಬಿಡಿ. ಎಷ್ಟು ಉದ್ದದ ದಾರವೋ ಅಷ್ಟು ಒಳ್ಳೆಯದು. ನಿಮ್ಮ ಹಿಡಿತವನ್ನು ಪಕ್ಕದಿಂದ ನಿಧಾನಕ್ಕೆ ತನ್ನಿ. ಮುಟ್ಟಿದ ಕ್ಷಣದಿಂದ ಗಟ್ಟಿಯಾಗಿ ಹಿಡಿಯುವವರೆಗೆ ಗುರಿ ಎಷ್ಟು ಸೆಂಟಿಮೀಟರ್ ದೂರ ಸರಿಯಿತು ಅಂತ ಪಕ್ಕದಲ್ಲಿ ಸ್ಕೇಲ್ ಇಟ್ಟು ಮೊಬೈಲಿನಲ್ಲಿ ಚಿತ್ರೀಕರಿಸಿ ಅಳೆಯಿರಿ. ಆಮೇಲೆ ದಾರವನ್ನು ತಿರುಚಿ ಬಿಟ್ಟು ಗುರಿ ತಿರುಗುತ್ತಿರುವಾಗ ಅದನ್ನೇ ಮಾಡಿ. ಮೇಜಿನ ಮೇಲೆ ಭದ್ರವಾಗಿ ಕೂತ ಡಬ್ಬಿಯನ್ನು ಹಿಡಿದ ವಿಡಿಯೋ ಎಷ್ಟಿದ್ದರೂ ಪರೀಕ್ಷಕರು ಕೇಳುವುದು ಈ ಅಂಕಿಯನ್ನೇ. ಸಾರಾಂಶದ ಮೊದಲ ಸಾಲಿನಲ್ಲಿ ಗುರಿಯ ಹೆಸರು, ಎತ್ತರ, ಮೈ, ತಿರುಗುವಿಕೆ ಇರಲಿ, ಎರಡನೆಯ ಸಾಲಿನಲ್ಲಿ ಈ ಸರಿದ ದೂರ. ಉಪಕರಣದ ಹೆಸರು ಮೂರನೆಯ ಸಾಲಿಗೆ ಬಂದರೆ ಸಾಕು.